ಟೇಬಾನನ ಹೊಸ ಬೂಟು

ಲೂರಿಂಗ್ ಮಂಡಿಯೂರಿ ಎಷ್ಟು ಎಳೆದರೂ ಟೇಬಾನನ ಎಡಗಾಲಿನ ಬೂಟು ಬರಲೊಲ್ಲದು. ದರ್ಶನಕ್ಕೆಂದು ತೊಡಿಸಿದ್ದರೂ ಸತ್ತವರನ್ನು ಬರಿಗಾಲಲ್ಲೇ ಮಣ್ಣಿಗಿಡಬೇಕು. ಇಲ್ಲದಿದ್ದರೆ ಅವರ ಹೆಜ್ಜೆ ಸಪ್ಪಳ ಮನೆಯಲ್ಲಿ ಕೇಳುತ್ತಲೇ ಇರುತ್ತದೆ.

“ಮೆಲ್ಲಗೆ ಕಣಕ್ಕ,” ಎಂದಳು ಅವನ ಹೆಂಡತಿ ಸಬೀನಾ. “ಮುಂದಿನ ವರ್ಷ ಮತ್ತೆ ಫಾರಿನ್ನಿಗೆ ಕರೀತಾರೆ ಅಂತ ಆಸೆಯಿಂದ ತಂದಿದ್ರು. ಕರೀಲೇ ಇಲ್ಲ.”

ಮೂವತ್ತು ವರ್ಷದ ಬೂಟು. ಅಟ್ಟೆಗೆ ಧೂಳು ಹತ್ತಿರಲಿಲ್ಲ.

ಲೇಟೆ ದ್ವೀಪದ ನೃತ್ಯತಂಡದ ಹಿರಿಯ ಗೋರಿಯೊ ಬಾಗಿಲಲ್ಲಿ ಕಾಫಿ ಹೀರುತ್ತ, “ಕಂಡೋರ ಕಾಲು ಮುರಿದ ಕಾಲ್ಮುರುಕ ಟೇಬಾನ್‌ಗೆ ಬೂಟ್ಯಾಕ್ರಮ್ಮ? ಬದುಕಿಡೀ ಕೂತು ಬಿದಿರು ಬಡಿದ. ಬರಿಗಾಲಲ್ಲಿ ಕಳಿಸಿ, ಅಲ್ಲಾದರೂ ಕುಣೀಲಿ,” ಎಂದ. ಜನ ನಕ್ಕರು. ಸಬೀನಾಳೂ ನಕ್ಕಳು.

ಲೂರಿಂಗಳ ಮುರಿದು ಕೂಡಿದ ಕಾಲು ಜುಮ್ಮೆಂದಿತು. ಇನ್ನೊಂದು ಗಳಿಗೆಗೆ ಪೆಟ್ಟಿಗೆ ಮುಚ್ಚುತ್ತಾರೆ. ಟೇಬಾನನ ಮುಖದ ಮುಂದೆ ಹೇಳುವುದಾದರೆ ಈಗಲೇ.

*

ಮೂವತ್ತು ವರ್ಷಗಳ ಹಿಂದೆ, ಬೆಲ್ಜಿಯಂನಲ್ಲಿ ಸಭಾಂಗಣ ಕಿಕ್ಕಿರಿದಿತ್ತು. ಟೇಬಾನ್ ನೆಲದಲ್ಲಿ ಕೂತು ಜೋಡಿ ಬಿದಿರಿನ ಒಂದು ತುದಿ ಹಿಡಿದು ಬಡಿಯುತ್ತಿದ್ದ. ಬಿದಿರು ತೆರೆದಾಗ ಲೂರಿಂಗಳ ಹೆಜ್ಜೆ ಒಳಗೆ, ಕೂಡುವಷ್ಟರಲ್ಲಿ ಹೊರಗೆ. ಎದುರಿನ ಕಿಟಕಿಯಾಚೆ ಬೆಳ್ಳಗೆ ಏನೋ ಉದುರತೊಡಗಿತು. ಹಿಮ! ಹುಟ್ಟಿದಾಗಿನಿಂದ ಕಂಡದ್ದಲ್ಲ. ನೋಡುತ್ತಲೇ ಇದ್ದುಬಿಟ್ಟಳು. ಕಾಲು ಒಳಗೇ ಉಳಿಯಿತು, ಬಿದಿರು ಕೂಡಿತು.

ಆಸ್ಪತ್ರೆಯಲ್ಲಿ ಗೋರಿಯೊ, “ಯಾರದ್ರೋ ತಪ್ಪು?” ಎಂದು ಗದರಿದಾಗ ಅವಳು ಬಾಯಿ ತೆರೆಯುವ ಮೊದಲೇ ಟೇಬಾನ್, “ನಂದೇ ಅಣ್ಣ, ಕೈ ತಪ್ತು,” ಎಂದಿದ್ದ. ಆಮೇಲೆ ಅವನನ್ನು ಊರಿನ ಮದುವೆಗಳಿಗಷ್ಟೇ ಕರೆದರು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಲೂರಿಂಗ್ ಮುದುಕಿಯಾದಳು.

*

ಬೂಟು ಕಡೆಗೂ ಕೈಗೆ ಬಂತು.

“ಗೋರಿಯೊಣ್ಣ, ಇವನ ಕೈ ತಪ್ಪಿರಲಿಲ್ಲ,” ಎಂದಳು. “ನಾನು ಹಿಮ ನೋಡ್ತಾ ನಿಂತ್ಬಿಟ್ಟೆ.”

ಗೋರಿಯೊನ ಲೋಟ ತುಟಿಯ ಹತ್ತಿರವೇ ನಿಂತಿತು. “ಈಗ ಹೇಳ್ತೀಯಲ್ಲೇ, ಪುಣ್ಯಾತ್ಗಿತ್ತಿ! ಅವನ ಕಿವಿ ಕೇಳ್ತಿದ್ದಾಗ ಏನಾಗಿತ್ತೇ ನಿಂಗೆ?”

ಸಬೀನಾ ಬೈಯಲಿಲ್ಲ. “ಜಗಳ ಬಂದಾಗಲೆಲ್ಲ ನಾನೂ ಕಾಲ್ಮುರುಕ ಅಂದೆ ಅಕ್ಕ,” ಎಂದಳು. “ಒಂದು ದಿನಾನೂ ಅಲ್ಲ ಅನ್ನಲಿಲ್ವಲ್ಲ.”

ಅಂಗಳದಲ್ಲಿ ತಂಡದವರು ಬೀಳ್ಕೊಡುವ ಬಿದಿರು ಬಡಿಯತೊಡಗಿದರು. ಟೇಬಾನ್ ಹಿಡಿಯುತ್ತಿದ್ದ ತುದಿಯಲ್ಲಿ ಗೋರಿಯೊ ತಾನೇ ಹೋಗಿ ಕೂತ. ತಾಳ ಮತ್ತೆ ಮತ್ತೆ ತಪ್ಪುತ್ತಿತ್ತು.

“ಹುಷಾರಮ್ಮ, ಪೆಟ್ಟಿಗೆ ಮೇಲೆ ಕಣ್ಣೀರು ಬೀಳಬಾರದು, ಹೋಗೋರಿಗೆ ದಾರಿ ಭಾರ ಆಗುತ್ತೆ,” ಎಂದರು ಯಾರೋ.

ಸಬೀನಾ ಹಿಂದೆ ಸರಿದು ಕೂತಳು. ಬೂಟುಗಳೆರಡನ್ನೂ ಮಡಿಲಲ್ಲಿ ಜೋಡಿಸಿಟ್ಟುಕೊಂಡು, ಅವುಗಳೊಳಕ್ಕೆ ಹನಿ ಬೀಳುವಂತೆ ಬಾಗಿದಳು.