ಕೊರಳಿಗೆ ಹಾಕಿ ಕಳಿಸಿದ ಕಾರ್ಡು

"ಆ ಕಾರ್ಡು ಸಿಗಲಿಲ್ಲ ಅಂದ್ರ, ಗಂಗಿಗೆ ಬಾಗಿಲು ತೆಗಿಯಾಕ ಬರ್ತಿರಲಿಲ್ಲ ಅಂತಾನ ಬರೀತಾರ, ದೊಡ್ಡಮ್ಮ."

ಹೀಗೆಂದವಳು ಗೀತಾಂಜಲಿ. ಕೈಯಲ್ಲಿದ್ದ ಚಹಾ ಆರಿ ಮೇಲೆ ಕೆನೆ ಕಟ್ಟಿತ್ತು. ಹರಪನಹಳ್ಳಿ ಕಡೆಯ ಬಾಗಳಿಯ ಹುಡುಗಿ ಅವಳು. ಬೆಂಗಳೂರಲ್ಲಿ ಗಂಗಾಂಬಿಕಾಳ ಜೊತೆ ಒಂದೇ ಕೋಣೆಯಲ್ಲಿ ಆರು ವರ್ಷ ಇದ್ದವಳು, ಒಂದೇ ವಿಮಾನ ಕಂಪನಿಯಲ್ಲಿ ಗಗನಸಖಿಯಾಗಿ ದುಡಿದವಳು. ಗಂಗಾಂಬಿಕಾ ತೀರಿಕೊಂಡು ಹನ್ನೊಂದು ತಿಂಗಳಾದ ಮೇಲೆ ಇವತ್ತು ಕೊಟ್ಟೂರಿಗೆ ಬಂದಿದ್ದಳು. ಬಂದವಳು ಮೊದಲು ಅತ್ತಳು, ಆಮೇಲೆ ಚೀಲದಿಂದ ತನಿಖಾ ಸಮಿತಿಯ ಒಂದು ಕಾಗದ ತೆಗೆದಳು.

ಎದುರಿಗೆ ಕಂಬಕ್ಕೆ ಒರಗಿ ಕೂತಿದ್ದವಳು ಗಂಗಾಂಬಿಕಾಳ ತಾಯಿ ಉಚ್ಚಂಗೆಮ್ಮ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ ಆಕೆಯದು. ಇಂಗ್ಲಿಷಿನ ಆ ಕಾಗದ ಆಕೆಗೆ ಓದಲು ಬರುವಂತಿರಲಿಲ್ಲ. ಗೀತಾಂಜಲಿಯೇ ಬಿಡಿಸಿ ಬಿಡಿಸಿ ಹೇಳಿದಳು. ಉತ್ತರದ ಆ ಊರಲ್ಲಿ ವಿಮಾನ ಇಳಿಯುವಾಗ ರನ್‌ವೇ ತಪ್ಪಿ ಬೆಂಕಿ ಹತ್ತಿತಲ್ಲ, ಅದರ ತನಿಖೆ ಈಗ ಮುಗಿಯುತ್ತ ಬಂದಿದೆ. ಹಿಂದುಗಡೆ ಎರಡು ಬಾಗಿಲು. ಎರಡೂ ಗಂಗಾಂಬಿಕಾಳ ಸುಪರ್ದಿಗೇ ಇದ್ದವು. ಬಲಗಡೆಯದನ್ನು ತೆಗೆದು ಐವತ್ತೊಂದು ಜನರನ್ನು ಹೊರಗೆ ಹಾಕಿದಳು. ಎಡಗಡೆಯದನ್ನು ತೆಗೆಯಲಿಲ್ಲ. ಕಡೆಗೆ ಬೆಲ್ಟು ಬಿಚ್ಚಲಾಗದೆ ಕೂತಿದ್ದ ಒಬ್ಬರನ್ನು ಕರೆತರಲು ಹೊಗೆಯೊಳಗೆ ಹೋದಳು, ವಾಪಸು ಬರಲಿಲ್ಲ. ಎಡಗಡೆಯ ಬಾಗಿಲನ್ನು ಯಾಕೆ ತೆಗೆಯಲಿಲ್ಲ ಎಂದರೆ, ಆಕೆಯ ಬಾಗಿಲು ತೆಗೆಯುವ ತರಬೇತಿಯ ಅವಧಿ ಮುಗಿದುಹೋಗಿತ್ತು, ಬೆದರಿದ್ದಳು ಎಂದು ವರದಿಯಲ್ಲಿ ಬರೆಯುತ್ತಿದ್ದಾರಂತೆ.

"ಸುಳ್ಳು ಅದು," ಎಂದಳು ಗೀತಾಂಜಲಿ. "ಬಾಗಿಲು ತೆಗಿಯಾಕಿಂತ ಮೊದಲು ಅದರ ಕಿಟಕ್ಯಾಗ ಹಣಿಕಿ ಹೊರಗ ನೋಡಬೇಕು. ಹೊರಗ ಬೆಂಕಿ ಇದ್ರ ಆ ಬಾಗಿಲು ತೆಗಿಯಂಗಿಲ್ಲ. ತೆಗದಿದ್ರ ಬೆಂಕಿ ಒಳಗ ಬಂದು ಆ ಐವತ್ತೊಂದು ಮಂದಿನೂ ಉಳಿತಿರಲಿಲ್ಲ. ಆಕಿಗೆ ಗೊತ್ತಿತ್ತು, ಅದಕ್ಕ ತೆಗಿಲಿಲ್ಲ."

ಉಚ್ಚಂಗೆಮ್ಮನಿಗೂ ಅದು ಗೊತ್ತಿತ್ತು. ರಜೆಗೆ ಬಂದಾಗ ಮಗಳು ಹಿತ್ತಲ ಬಾಗಿಲ ಮುಂದೆ ನಿಂತು ಪರೀಕ್ಷೆಗೆ ಪಾಠ ಒಪ್ಪಿಸುತ್ತಿದ್ದಳು. ಅಂಗೈಯ ಹಿಂಬದಿಯಿಂದ ಕದ ಮುಟ್ಟಿ ನೋಡುವುದು, ಸಂದಿಯಲ್ಲಿ ಹಣಿಕುವುದು, ಆಮೇಲೆ ಕದ ನೂಕಿ, ಚೀಲ ಬಿಡ್ರಿ, ಹಾರ್ರಿ ಎಂದು ಇಂಗ್ಲಿಷಿನಲ್ಲಿ ಅರಚುವುದು. ಪಕ್ಕದ ಮನೆಯ ಗಾದೆಮ್ಮ ಮೊದಲನೇ ದಿನ ಓಡಿ ಬಂದು, ಹುಡುಗಿಗೆ ಏನೋ ಗಾಳಿ ಸೋಕೈತಿ, ನಿಂಬೆಹಣ್ಣು ಇಳಿಸು ಅಂದಿದ್ದಳು. ಗಂಗಾಂಬಿಕಾ ನಕ್ಕು ಗಾದೆಮ್ಮನನ್ನೇ ಪ್ರಯಾಣಿಕಳನ್ನಾಗಿ ಮಾಡಿ, ತುಳಸಿಕಟ್ಟೆಯ ತನಕ ಓಡಿಸಿದ್ದಳು.

ಕಂಪನಿಯವರನ್ನು ಕೇಳಬಾರದೇ ಎಂದು ಉಚ್ಚಂಗೆಮ್ಮ ಕೇಳಿದಳು. ಕಂಪನಿ ಎಲ್ಲಿದೆ, ಅಪಘಾತವಾಗಿ ನಾಲ್ಕು ತಿಂಗಳಿಗೆ ಬಾಗಿಲು ಹಾಕಿತು ಎಂದಳು ಗೀತಾಂಜಲಿ. ದಾಖಲೆಗಳು ಸಿಗುತ್ತಿಲ್ಲ ಎಂದು ಒಂದು ಸಾಲಿನ ಉತ್ತರ ಬಂದಿದೆ. ಪೈಲಟ್ಟಿಗಾದರೆ ಸರ್ಕಾರದ ಲೈಸೆನ್ಸು ಇರುತ್ತದೆ, ಕಂಪನಿ ಮುಳುಗಿದರೂ ಅದು ಅವನದು. ಗಗನಸಖಿಯರಿಗೆ ಹಾಗಿಲ್ಲ. ಕಲಿಸುವುದು ಕಂಪನಿ, ಪರೀಕ್ಷೆ ಮಾಡುವುದು ಕಂಪನಿ, ಕಾರ್ಡು ಕೊಡುವುದೂ ಕಂಪನಿ.

ಗಂಗಾಂಬಿಕಾಳ ತಂದೆ ಬೆನಕಪ್ಪ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದ. ಕೊಟ್ಟೂರು–ಕೂಡ್ಲಿಗಿ ಬಸ್ಸಿನ ಕಂಡಕ್ಟರು, ಇವತ್ತು ವಾರದ ರಜೆ. ಮಾತಿಲ್ಲದ ಮನುಷ್ಯನಲ್ಲ, ಆದರೆ ಮಗಳು ಹೋದ ಮೇಲೆ ಬಸ್ಸಿನಲ್ಲಿ ಮಾತ್ರ ಮಾತಾಡುತ್ತಿದ್ದ.

"ನೋಡವ್ವ ಗೀತಾ," ಎಂದ. "ನಾನು ಟಿಕೀಟು ಹರಿಯಾಂವ. ನನಗ ಸರ್ಕಾರ ಲೈಸೆನ್ಸು ಕೊಟ್ಟೈತಿ, ಎದಿಮ್ಯಾಲ ಬಿಲ್ಲಿ ಕೊಟ್ಟೈತಿ. ನಾಳೆ ಡಿಪೋ ಮುಚ್ಚಿದ್ರೂ ನಾನು ಕಂಡಕ್ಟರಾ. ಬೆಂಕ್ಯಾಗಿಂದ ಮಂದಿನ್ನ ಹೊರಗ ಹಾಕೋ ಹುಡುಗಿ ಕೈಯಾಗ ಏನೂ ಇಲ್ಲೇನು?"

ತಾವು ಕೇಳುತ್ತಿರುವುದೂ ಅದನ್ನೇ ಎಂದಳು ಗೀತಾಂಜಲಿ. ಒಬ್ಬೊಬ್ಬರ ಹೆಸರಲ್ಲೂ ಸರ್ಕಾರದ್ದೇ ಒಂದು ಪ್ರಮಾಣಪತ್ರ ಬೇಕು, ಇವರು ಜೀವ ಕಾಯುವ ಕೆಲಸದವರು ಎಂದು ಬರೆದಿರಬೇಕು ಅಂತ ಅವಳಂಥವರೆಲ್ಲ ಸೇರಿ ಅರ್ಜಿ ಹಾಕಿದ್ದಾರೆ. ಊಟ ಬಡಿಸುವವರಿಗೆ ಪ್ರಮಾಣಪತ್ರ ಯಾಕೆ ಎಂದು ಒಬ್ಬ ಅಧಿಕಾರಿ ನಕ್ಕನಂತೆ.

"ಬಡಿಸೋದು ಕೀಳು ಕೆಲಸ ಅಲ್ಲವ್ವ," ಎಂದಳು ಉಚ್ಚಂಗೆಮ್ಮ. "ನಾನು ದಿನಾ ಇನ್ನೂರು ಹುಡುಗ್ರಿಗೆ ಬಡಿಸ್ತೀನಿ. ಆದ್ರ ಆಕಿ ಸತ್ತಿದ್ದು ಬಡಿಸಾಕ ಹೋಗಿ ಅಲ್ಲ."

ಗೀತಾಂಜಲಿ ತಲೆಯಾಡಿಸಿದಳು. ಅಪಘಾತಕ್ಕೆ ಎರಡು ತಿಂಗಳು ಮುಂಚೆ ಗಂಗಾಂಬಿಕಾ ಮತ್ತೆ ಪರೀಕ್ಷೆ ಬರೆದು ಆ ತರಬೇತಿಯ ಹೊಸ ಕಾರ್ಡು ತೆಗೆದುಕೊಂಡಿದ್ದಳು. ಅಂಕಪಟ್ಟಿಯನ್ನೂ ಕೇಳಿ ಪಡೆದು ಒಂದು ನೀಲಿ ಫೈಲಿನಲ್ಲಿ ಇಟ್ಟಿದ್ದಳು. ಆ ಫೈಲು, ಕಾರ್ಡು ಎರಡನ್ನೂ ಟ್ರಂಕಿಗೆ ಹಾಕಿ ಶವದ ಗಾಡಿಯಲ್ಲೇ ಊರಿಗೆ ಕಳಿಸಿದ್ದು ಗೀತಾಂಜಲಿಯೇ. ಸೋಮವಾರದೊಳಗೆ ಅವನ್ನು ಸಮಿತಿಯ ಮುಂದೆ ಇಡಬೇಕು. ಕಾಗದ ಇಲ್ಲದ ಮಾತನ್ನು ಅವರು ಕೇಳುವುದಿಲ್ಲ.

ಬೆನಕಪ್ಪ ಎದ್ದು ಟ್ರಂಕು ಎಳೆದ. ಸಮವಸ್ತ್ರ ಬಂತು, ಎರಡು ಜೊತೆ ಶೂ ಬಂದವು, ಅರ್ಧ ಖಾಲಿಯಾದ ಉಗುರುಬಣ್ಣದ ಸೀಸೆ ಬಂತು. ಅದನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ನಿಂತು, ಮತ್ತೆ ಹುಡುಕಿದ. ಅಲಮಾರು ನೋಡಿದ, ಹಾಸಿಗೆಯ ಕೆಳಗೆ ನೋಡಿದ, ಜೋಳದ ಡಬ್ಬಿಗಳ ಹಿಂದೆಯೂ ನೋಡಿದ. ನೀನೂ ಒಂದೀಟು ಎದ್ದು ನೋಡಬಾರದೇ ಎಂದು ಹೆಂಡತಿಯನ್ನು ಗದರಿದ. ಉಚ್ಚಂಗೆಮ್ಮ ಕಂಬ ಬಿಟ್ಟು ಏಳಲಿಲ್ಲ. ಆ ಕಾರ್ಡು ಎಲ್ಲಿದೆ ಎಂದು ಆಕೆಗೆ ಮೊದಲಿನಿಂದಲೂ ಗೊತ್ತಿತ್ತು.

ಮೂರು ವರ್ಷದ ಹಿಂದೆ ಮಗಳು ಆಕೆಯನ್ನು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋಗಿದ್ದಳು. ಹೊರಗಿನ ಕಂಬಿಯಾಚೆ ನಿಂತು ಉಚ್ಚಂಗೆಮ್ಮ ನೋಡಿದ್ದು ಒಂದೇ: ಬಾಗಿಲಲ್ಲಿ ಬಂದೂಕು ಹಿಡಿದವನೊಬ್ಬ ನಿಂತಿದ್ದ, ಮಗಳು ಕೊರಳಿನ ಕಾರ್ಡು ಎತ್ತಿ ತೋರಿಸಿದಳು, ಅವನು ನೋಡಿ ಒಳಗೆ ಬಿಟ್ಟ. ದಿನಾ ಕಾಣುವ ಮುಖ, ಆದರೂ ಕಾರ್ಡು ಬೇಕು. ಒಮ್ಮೆ ಮರೆತು ಹೋಗಿ ಅಲ್ಲಿಂದಲೇ ವಾಪಸು ಬಂದಿದ್ದೆನೆಂದು ಮಗಳು ಆಮೇಲೆ ಹೇಳಿದ್ದಳು. ಎಲ್ಲಿ ಹೋದರೂ ಮೊದಲು ಇದನ್ನೇ ಕೇಳುತ್ತಾರವ್ವ, ಮಾರಿ ನೋಡಿ ಯಾರೂ ಬಿಡುವುದಿಲ್ಲ.

ಆ ಮಾತು ತಾಯಿಯ ಮನಸ್ಸಲ್ಲಿ ಕೂತುಬಿಟ್ಟಿತ್ತು. ಮಣ್ಣಿನ ದಿನ ಅವರ ಕುಲದವರನ್ನು ಸಮಾಧಿಯಲ್ಲಿ ಕೂರಿಸುವ ಹಾಗೆ ಗಂಗಾಂಬಿಕಾಳನ್ನು ಕೂರಿಸಲು ಆಗಲಿಲ್ಲ. ಪೆಟ್ಟಿಗೆಯಲ್ಲಿ ಬಂದ ಮೈ ಬಾಗಲಿಲ್ಲ. ಅಯ್ಯನವರು ಸಮಾಧಾನ ಹೇಳಿ, ಅಂಗೈಯಲ್ಲಿ ಲಿಂಗ ಇಟ್ಟು, ಮಲಗಿಸಿಯೇ ಮಾಡಿಸಿದರು. ಉಚ್ಚಂಗೆಮ್ಮನಿಗೆ ಸಮಾಧಾನ ಆಗಲಿಲ್ಲ. ಪದ್ಧತಿ ತಪ್ಪಿಸಿ ಕಳಿಸಿದ ಹುಡುಗಿಯನ್ನು ಆ ಲೋಕದ ಬಾಗಿಲಲ್ಲಿ ತಡೆದರೆ ಯಾರನ್ನು ಕೇಳುವುದು. ಉಪ್ಪು, ವಿಭೂತಿ ಹಾಕುವ ಮುಂಚೆ, ಕಡೆಯ ಸಲ ಮುಖ ನೋಡುತ್ತೇನೆ ಎಂದು ಕೆಳಗಿಳಿದಳು. ಟ್ರಂಕಿನಲ್ಲಿ ಸಿಕ್ಕ ಕಾರ್ಡನ್ನು, ಅದೂ ಅಂಥದೇ ಎಂದು, ಸೆರಗಿನೊಳಗೆ ಇಟ್ಟುಕೊಂಡಿದ್ದಳು; ಅದನ್ನು ದಾರ ಸಮೇತ ಮಗಳ ಕೊರಳಿಗೆ ಹಾಕಿ ಬಟ್ಟೆ ಮುಚ್ಚಿದಳು. ಫೈಲನ್ನು ಮಗ್ಗುಲಿಗೆ ಸೇರಿಸಿದಳು. ಯಾರಿಗೂ ಹೇಳಲಿಲ್ಲ.

ಈಗ ಹೇಳಿದಳು. ಗಂಡನ ಮುಖ ನೋಡದೆ, ನೆಲ ನೋಡುತ್ತ, ಪೂರ್ತಿ ಹೇಳಿದಳು.

ಬೆನಕಪ್ಪ ಟ್ರಂಕಿನ ಮುಚ್ಚಳ ಹಾಕಿದ. ಗೀತಾಂಜಲಿ ಬಾಯಿಗೆ ಕೈ ಅಡ್ಡ ಹಿಡಿದಳು. ಕಾರ್ಡು ಪ್ಲಾಸ್ಟಿಕ್ಕಿನದಲ್ಲವೇ, ಮಣ್ಣಾಗಿರುವುದಿಲ್ಲ ಅಲ್ಲವೇ ಎಂದು ಉಚ್ಚಂಗೆಮ್ಮ ಕೇಳಿದಳು.  ಉತ್ತರಕ್ಕೆ ಕಾಯದೆ ಎದ್ದು ಮೂಲೆಯಲ್ಲಿದ್ದ ಸಲಿಕೆ ತೆಗೆದುಕೊಂಡು ಹೊರಟೇಬಿಟ್ಟಳು.

ಊರಿನಾಚೆ ಕೂಡ್ಲಿಗಿ ದಾರಿಯಲ್ಲಿ ಅವರ ಕೆಂಪು ಮಸಾರಿ ಹೊಲ, ಬದುವಿನ ಬೇವಿನ ಗಿಡದ ಹತ್ತಿರ ಮಗಳ ಗದ್ದಿಗೆ. ಅವರಿಬ್ಬರೂ ಓಡಿ ಬರುವಷ್ಟರಲ್ಲಿ ಆಕೆ ನಾಲ್ಕು ಸಲಿಕೆ ಮಣ್ಣು ಎತ್ತಿ ಹಾಕಿದ್ದಳು. ಗೀತಾಂಜಲಿ ಆಕೆಯ ಕೈ ಹಿಡಿದುಕೊಂಡಳು. ಬೇಡ ದೊಡ್ಡಮ್ಮ, ನಾನು ಬಂದಿದ್ದೇ ತಪ್ಪಾಯಿತು ಎಂದು ಅತ್ತಳು. ಉಚ್ಚಂಗೆಮ್ಮ ಕೊಸರಿಕೊಂಡಳು. ಮಗಳ ಮೈ ಮುಟ್ಟುವುದಕ್ಕೆ ತಾಯಿಗೆ ಯಾರ ಅಪ್ಪಣೆ ಬೇಕು, ಸೋಮವಾರ ಕಳೆದರೆ ಹುಡುಗಿಯ ಹೆಸರೇ ಹೋಗುತ್ತದೆ ಎಂದಳು. ಇನ್ನೊಂದು ಸಲಿಕೆ ಎತ್ತಿದಳು.

ಬೆನಕಪ್ಪ ತಡೆಯಲಿಲ್ಲ. ಗುಂಡಿಯ ಆಚೆ ಬದಿಗೆ ಹೋಗಿ ಕುಕ್ಕುರುಗಾಲಲ್ಲಿ ಕೂತ.

"ಅಗದ್ರ ಸಿಗತೈತಿ, ಉಚ್ಚಂಗಿ," ಎಂದ. "ಆದ್ರ ಕೊರಳಾಗಿಂದ ತೆಗಿಯಾಕಿ ನೀನಾ. ತೆಗಿತೀ ಏನು?"

ಸಲಿಕೆ ನಿಂತಿತು. ಹನ್ನೊಂದು ತಿಂಗಳೂ ಆಕೆಯ ಕಣ್ಣಲ್ಲಿ ಮಗಳ ಮುಖ ಆ ದಿನ ಮುಚ್ಚಿದ ಹಾಗೇ ಇತ್ತು. ಹುಬ್ಬಿನ ಮೇಲೆ ಸ್ವಲ್ಪ ಮಸಿ, ಅದನ್ನು ಆಕೆಯೇ ಸೆರಗಿನಿಂದ ಒರೆಸಿದ್ದಳು. ಈ ಮಣ್ಣಿನ ಕೆಳಗೆ ಈಗ ಆ ಮುಖ ಇಲ್ಲ ಎಂಬುದನ್ನು ಆಕೆ ಇಷ್ಟು ದಿನ ನೆನೆದಿರಲಿಲ್ಲ. ಈಗ ನೆನೆದಳು. ಸಲಿಕೆ ಕೈಜಾರಿತು. ಎತ್ತಿದ ಮಣ್ಣಿನ ಗುಪ್ಪೆಯ ಮೇಲೇ ಕೂತುಬಿಟ್ಟಳು.

"ನನ್ನ ಕೈಯಾರ ಆಕಿ ಸಾಕ್ಷಿ ಹುಗದೆ," ಎಂದಳು.

"ನಾನು ಹೇಳ್ತೀನಿ ದೊಡ್ಡಮ್ಮ. ಅವರ ಮುಂದ ನಿಂತು ಹೇಳ್ತೀನಿ."

"ಕಾಗದ ಇಲ್ಲದ ಮಾತು ಕೇಳಂಗಿಲ್ಲ ಅಂತ ನೀನಾ ಅಂದ್ಯಲ್ಲವ್ವ."

 ಬೆನಕಪ್ಪ ಎರಡೂ ಕೈಯಿಂದ ಮಣ್ಣನ್ನು ಮತ್ತೆ ಗುಂಡಿಗೆ ಎಳೆದು ಹಾಕತೊಡಗಿದ. ಅಷ್ಟರಲ್ಲಿ ಗುಡೇಕೋಟೆ ಕಡೆಯ ಕುರಿಹಿಂಡೊಂದು ಬದುವಿನ ದಾರಿ ಹಿಡಿದು ಬಂತು. ಮುಂದಿದ್ದ ಕುರಿಯವನು ಈ ಮೂವರನ್ನು ನೋಡಿದ, ಹಸಿಮಣ್ಣು ನೋಡಿದ.  ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಹಿಂಡನ್ನು ದಾರಿಯಿಂದ ಇಳಿಸಿ, ದೂರದ ಕೂಳೆ ಹೊಲದ ಸುತ್ತು ಹಾಕಿಸಿ ಹೊಡೆದುಕೊಂಡು ಹೋದ.