ಸುಳ್ಳು ಸೊನ್ನೆ

ಮಿಲ್ವಾಕಿ ನಗರದಲ್ಲಿ ಡಕ್ಟ್, ಅಂದರೆ ಕಟ್ಟಡದೊಳಗೆ ಗಾಳಿ ಸಾಗಿಸುವ ತಗಡಿನ ಕೊಳವೆ, ಕೂರಿಸುವ ಕಂಪನಿಯೊಂದಕ್ಕಾಗಿ ಮೂವತ್ತೊಂದು ವರ್ಷ ಏಣಿ ಹತ್ತಿದವನು ಲೆನ್ ಗೋರ್ಸ್ಕಿ. ಈಗ ಬಲಭುಜ ಕೈಕೊಟ್ಟಿತ್ತು. ಇನ್ನು ಕಂಪ್ಯೂಟರಿನಲ್ಲಿ ಕಟ್ಟಡದ ಮಾದರಿಯೊಳಗೆ ಡಕ್ಟಿನ ಗೆರೆ ಎಳೆಯುವುದನ್ನು ಕಲಿಯಬೇಕು, ಶುಕ್ರವಾರದ ಸಭೆಯಲ್ಲಿ ಕಟ್ಟಬೇಕಿರುವ ಆಸ್ಪತ್ರೆಯ ಮೂರನೇ ಮಹಡಿಗೆ ಅವನು ಎಳೆದ ಮಾದರಿ ಪಾಸಾಗಬೇಕು, ಇಲ್ಲವಾದರೆ ಮನೆಗೆ. ಐವತ್ತೆಂಟಕ್ಕೇ ಮನೆಯಲ್ಲಿ ಕೂತು ಏನು ಮಾಡುವುದು ಎಂದು ಅವನಿಗೆ ತೋಚುತ್ತಿರಲಿಲ್ಲ.

ಕಲಿಸುವವಳು ಮಾಯ್ ಶಾಂಗ್. ವಯಸ್ಸಿನಲ್ಲಿ ಅವನ ಮಗಳಿಗಿಂತ ಚಿಕ್ಕವಳು, ತಾಳ್ಮೆಯಲ್ಲಿ ಅಜ್ಜಿ. ನಲ್ಲಿಯವರು, ಕರೆಂಟಿನವರು, ಡಕ್ಟಿನವರು ತಂತಮ್ಮ ಮಾದರಿ ತಂದು ಒಟ್ಟಿಗೆ ಸೇರಿಸಿದಾಗ, ಒಂದಕ್ಕೊಂದು ಡಿಕ್ಕಿಯಾದಲ್ಲೆಲ್ಲ ಪರದೆ ಕೆಂಪಾಗುತ್ತದೆ. ಕೆಂಪು ಸೊನ್ನೆಗಿಳಿದರೆ ಪಾಸು.

ಗುರುವಾರ ಮಧ್ಯಾಹ್ನ ಸೊನ್ನೆಗಿಳಿಯಿತು.

"ಭೇಷ್ ಲೆನ್! ಇನ್ನೇನ್ ಬೇಕು ನಿಮ್ಗೆ?" ಎಂದಳು ಮಾಯ್.

ಲೆನ್ ಹಿಗ್ಗಲಿಲ್ಲ. ಎಡಗೈಯನ್ನು ಮಡಚಿ, ಪರದೆಯ ಮುಂದೆ ಗಾಳಿಯಲ್ಲೇ ಏನನ್ನೋ ತಿರುಪುತ್ತಿದ್ದ.

"ಟೀಚರಮ್ಮ, ಬೆಂಕಿ ಬಿದ್ರೆ ಡಕ್ಟ್ ಮುಚ್ಚೋ ಬಾಗ್ಲು ಇಲ್ಲಿದೆ. ಅದನ್ನ ಆಗಾಗ ತೆಗ್ದು ನೋಡ್ಬೇಕು. ನಲ್ಲಿಯವ್ರ ಪೈಪು ಎದುರಿಗೇ ಇದೆ. ಸ್ಪ್ಯಾನರ್ ಹಿಡಿದ ಕೈ ಎಲ್ಲಿಂದ ತೂರತ್ತೆ?"

"ಅಯ್ಯೋ, ನಂಗೆ ಹೊಳೀಲೇ ಇಲ್ಲ. ಮಾದರೀಲಿ ಕೈ ಇಲ್ವಲ್ಲ!"

"ಹಾಗಾದ್ರೆ ಕೈನೂ ಎಳಿಯೋಣ."

ಕೈಯಾಡುವಷ್ಟು ಖಾಲಿ ಜಾಗವನ್ನು ಡಬ್ಬಿಯಂತೆ ಎಳೆಯುವುದನ್ನು ಮಾಯ್ ತೋರಿಸಿದಳು. ಎಷ್ಟುದ್ದ, ಎಷ್ಟಗಲ ಎಂದು ಲೆನ್ ಹೇಳಿಕೊಟ್ಟ. ಸಂಜೆಯ ಹೊತ್ತಿಗೆ ಮಹಡಿಯ ಅಂಥ ಬಾಗಿಲುಗಳಿಗೆಲ್ಲ ಡಬ್ಬಿ ಎಳೆದಾಗ, ಪರದೆಯಲ್ಲಿ ಹನ್ನೊಂದು ಕೆಂಪು.

"ನಾಳೆ ಈ ಡಬ್ಬಿ ಮರೆಮಾಡಿ ತೋರಿಸ್ಬಹುದು. ನೀವು ಪಾಸಾಗ್ತೀರ," ಎಂದಳು ಮಾಯ್ ಮೆಲ್ಲಗೆ.

ಲೆನ್ ಬೇಡ ಎಂದ.

ಶುಕ್ರವಾರ ಸಭೆ ನಡೆಸುವ ರೋಂಡಾ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು. "ಸೊನ್ನೆ ಇರ್ಬೇಕು ಅಂದಿದ್ದೆ, ಲೆನ್."

"ನಿನ್ನೆ ಸೊನ್ನೆನೇ ಇತ್ತು. ಸುಳ್ಳು ಸೊನ್ನೆ ಅದು." ಲೆನ್ ಒಂದೊಂದೇ ಡಬ್ಬಿ ತೋರಿಸಿ, ಬಾಗಿಲಿಗೆ ಕೈ ಎಲ್ಲಿ ತೂರದು ಎಂದು ವಿವರಿಸಿದ.

ನಲ್ಲಿಯವರ ಕಡೆಯ ಬಡ್ ಶ್ಮಿಟ್ಕೆ ಎದ್ದು ಪರದೆಯ ಹತ್ತಿರ ಬಂದ. ಇನ್ನೊಬ್ಬರಿಗೆ ಜಾಗ ಬಿಟ್ಟುಕೊಟ್ಟವನೆಂಬ ಅಪಕೀರ್ತಿ ಅವನಿಗೆ ಆ ಕೋಣೆಯಲ್ಲಿ ಈವರೆಗೂ ಬಂದಿರಲಿಲ್ಲ.

"ಹಿಂದಿನ ಕೆಲ್ಸದಲ್ಲಿ ಇಂಥದ್ದೇ ಬಾಗ್ಲು ತೆಗಿಯೋಕೆ ನನ್ನ ಪೈಪನ್ನೇ ಕೊಯ್ದ್ರು ಮಾರಾಯ. ನಾಲ್ಕಿಂಚು ಸರಿಸ್ತೀನಿ. ಸಾಕಾ?"

ಲೆನ್ ಮತ್ತೆ ಎಡಗೈ ಮಡಚಿ ಗಾಳಿಯಲ್ಲಿ ತಿರುಪಿ ನೋಡಿದ. ಸಾಕು ಎಂದುಬಿಟ್ಟರೆ ಕೆಲಸ ಉಳಿಯುತ್ತಿತ್ತು.

"ಆರು," ಎಂದ.

"ದುರಾಸೆ ನೋಡ್ರಪ್ಪ ಇವಂದು!" ಬಡ್ ಬೈದುಕೊಂಡೇ ಆರು ಎಂದು ಬರೆದುಕೊಂಡ.

ರೋಂಡಾ ಮುಂದಿನ ಕೆಲಸಗಳ ಪಟ್ಟಿಯಲ್ಲಿ ನಾಲ್ಕನೇ ಮಹಡಿಯ ಮುಂದೆ ಲೆನ್‌ನ ಹೆಸರು ಬರೆದಳು. ಅವನು ಎಲ್ಲರೆದುರೇ ಕಣ್ಣೊರೆಸಿಕೊಂಡ.