ಹಿನಾಟಾದ ಕೊಳೆ ನೆಕ್ಕುವ ಭೂತ

ಫುಕುಯೊ ಅಜ್ಜಿ ನಡೆಸುತ್ತಿದ್ದ ಊರಮಂದಿಯ ಸ್ನಾನದ ಮನೆಯಲ್ಲಿ ದುರ್ಬೀನು ಹಾಕಿ ಹುಡುಕಿದರೂ ಕೊಳೆ ಸಿಗುತ್ತಿರಲಿಲ್ಲ. ಹಿನಾಟಾ ಪಟ್ಟಣದ ಪರಂಪರೆ ಸಮಿತಿಗೆ ಅದೇ ದೊಡ್ಡ ತಲೆನೋವು.

ಪಕ್ಕದ ಕುರೋಸೆಯವರು ಅಕಾನಾಮೆ ತಮ್ಮೂರಿನದೆಂದು ಕೂಗಾಡತೊಡಗಿದ್ದರು. ಅಕಾನಾಮೆ ಅಂದರೆ ಕೆಂಪು ಮೋರೆ, ಮೊಳದುದ್ದ ನಾಲಿಗೆ, ಮನೆಮಂದಿ ಮಲಗಿದ ಮೇಲೆ ಬಂದು ಬಚ್ಚಲಿನ ಕೊಳೆ ನೆಕ್ಕುವ ಭೂತ. ಬೇರೆ ಊರಿನವರಿಗೆ ಮಾಯಾವಿ ನರಿ, ಹಿಮದ ಹೆಣ್ಣು ಎಂದು ಅಂದಚಂದದ ಭೂತಗಳು ಸಿಕ್ಕಿವೆ. ಈ ಎರಡು ಊರಿಗೆ ಉಳಿದದ್ದು ಇದೊಂದು, ಅದಕ್ಕೂ ಕಿತ್ತಾಟ! ಪ್ರಾಂತ್ಯದ ಪರಿಶೀಲಕರು ಬಂದು ಭೂತದ ತವರು ಯಾವುದೆಂದು ತೀರ್ಮಾನಿಸುವವರಿದ್ದರು. ತಮ್ಮ ಪೂರ್ವಜರೇ ಹೆಚ್ಚು ಕೊಳಕರೆಂದು ಸಾಧಿಸಲು ಎರಡೂ ಕಡೆಯ ಗಣ್ಯರು ಟೊಂಕ ಕಟ್ಟಿ ನಿಂತರು.

ಪಟ್ಟಣದ ಕಚೇರಿಯಲ್ಲಿ ಕೆಲಸಕ್ಕಿದ್ದ, ಸಮಿತಿಯ ಅಧ್ಯಕ್ಷ ಓಗುಶಿ, ಮೋಚಿ ಎಂಬ ಹೂರಣ ತುಂಬಿದ ಅಕ್ಕಿ ಸಿಹಿಯ ಡಬ್ಬಿ ಹಿಡಿದು, ಬಾಗಿ ಬಾಗಿ ನಮಸ್ಕರಿಸುತ್ತ ಬಂದ.

"ಅಜ್ಜೀ, ಸ್ವಲ್ಪ ದಿನ ತಿಕ್ಕಬೇಡಿ. ಊರಿಗೋಸ್ಕರ."

"ಬಾಯಿ ತೊಳ್ಕೊಂಡು ಮಾತಾಡಯ್ಯ! ನಿಮ್ಮಮ್ಮ ಎಳೇ ಕೂಸು ನಿನ್ನ ಎತ್ಕೊಂಡು ಬಂದಿದ್ದೂ ಇಲ್ಲಿಗೇನೇ. ಆವಾಗ ಕೊಳಕಾಗಿತ್ತಾ?"

"ಕೊಳಕಿಲ್ದೆ ಅಕಾನಾಮೆ ಹೇಗೆ ಬರುತ್ತೆ ಅಜ್ಜಿ? ಬಾಗಿಲಿಗೆ ಫಲಕಾನೂ ಹಾಕಿಸ್ತೀವಿ: 'ಅಕಾನಾಮೆಯ ತವರು, ಮುನ್ನೂರು ವರ್ಷಗಳ ಕೊಳೆ'."

ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಬಚ್ಚಲುಗೋಡೆಯ ನುಣುಪು ಹೆಂಚಿನ ಸಂದುಗಳಲ್ಲಿ ಬೆರಳಾಡಿಸಿ, "ನಾಳೆ ಅಕಾನಾಮೆ ಬಂದು ನೆಕ್ಕಿದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?" ಎನ್ನುತ್ತಿದ್ದಳು. ಆ ಒಂದು ಮಾತಿಗೆ ಹೆದರಿ ಬೆರಳು ಸೊಟ್ಟಗಾಗುವವರೆಗೆ ತಿಕ್ಕಿದವಳು ಇವಳು. ಆ ಫಲಕ ಬಿದ್ದರೆ ಇಡೀ ಬಾಳು ತಿಕ್ಕಿದ್ದೇ ಸುಳ್ಳಾಗುತ್ತದೆ. ಆದರೆ ಕಟ್ಟಡ ಪಟ್ಟಣದ್ದು. ಅಜ್ಜಿ ಬೇಡವೆಂದರೆ ಕೇಳುವವರು ಯಾರು?

ಅಜ್ಜಿ ತಿಕ್ಕುವುದನ್ನು ಬಿಡಲಿಲ್ಲ. ಸಮಿತಿಯವರೂ ಬಿಡಲಿಲ್ಲ. ಹೋಟೆಲುಗಳ ಗಾಜಿನ ಕಪಾಟಿಗೆ ಪ್ಲಾಸ್ಟಿಕ್ ನೂಡಲ್ಸು, ಪ್ಲಾಸ್ಟಿಕ್ ಮೀನು ಮಾಡಿಕೊಡುವವನನ್ನು ಕರೆಸಿ ಪ್ಲಾಸ್ಟಿಕ್ ಕೊಳೆ ಮಾಡಿಸಿ, ಪರಿಶೀಲಕರು ಬರುವ ಹಿಂದಿನ ಸಂಜೆ ಸ್ನಾನದ ಮನೆಯ ಗೋಡೆಗೆಲ್ಲ ಅಂಟಿಸಿದರು. ಹಸಿರು ಪಾಚಿ, ಕಂದು ಜಿಡ್ಡು, ಮೂಲೆಗೊಂದು ಕೂದಲಿನ ಉಂಡೆ. ಓಗುಶಿ ತಲೆ ವಾಲಿಸಿ ನೋಡಿ, "ಜಿಡ್ಡು ಇನ್ನೊಂಚೂರು ಇರ್ಲಿ. ನಮ್ಮ ಹಿರೀಕರ ಮರ್ಯಾದೆ ಪ್ರಶ್ನೆ," ಎಂದ.

ಪರಿಶೀಲಕರು ಬಂದ ಬೆಳಿಗ್ಗೆ ಅಜ್ಜಿಯೇ ಬೀಗ ತೆಗೆದಳು. ಒಳಗೆ ಹೆಂಚುಗಳು ಫಳಫಳ ಹೊಳೆಯುತ್ತಿದ್ದವು. ಒಂದು ಚೂರು ಪಾಚಿಯಿಲ್ಲ. ಓಗುಶಿಗೆ ಬಿಳಿಚಿಕೊಂಡ ತನ್ನ ಮುಖವೇ ಗೋಡೆಯಲ್ಲಿ ಕಂಡಿತು.

"ಅಜ್ಜೀ! ಕೊಳೆ ಎಲ್ಲಿ?"

ಅಜ್ಜಿ ಮಂಡಿಯೂರಿ ಪರಿಶೀಲಕರಿಗೆ ತಲೆಬಾಗಿದಳು. ಕೆರೆಯುವ ಸಲಾಕೆಯನ್ನು ಬಕೆಟ್ಟಿನ ಹಿಂದೆ ಆಗಲೇ ಸರಿಸಿಯಾಗಿತ್ತು.

"ಅಕಾನಾಮೆ ಬಂದಿತ್ತು ಸ್ವಾಮಿ. ಪ್ಲಾಸ್ಟಿಕ್ಕನ್ನೂ ಬಿಡ್ಲಿಲ್ಲ, ಅಷ್ಟು ಹಸಿದಿತ್ತು ಪಾಪ."

ಮುದಿ ಪರಿಶೀಲಕರು ಹೆಂಚಿನ ಸಂದಿನಲ್ಲಿ ಬೆರಳಾಡಿಸಿ ನೋಡಿದರು. ಅವರ ಮೀಸೆಯಂಚು ಅಲುಗಿತು.

"ಸರಿಯಾಗೇ ಇದೆ. ನಿನ್ನೆ ಕುರೋಸೆ ಬಚ್ಚಲಲ್ಲಿ ಕೊಳೆ ಹಾಗೇ ಇತ್ತು. ಅಂದ್ಮೇಲೆ ಅಲ್ಲಿಗೆ ಅದು ಬರೋದೇ ಇಲ್ಲ. ಅಜ್ಜೀ, ಈಗ ಎಲ್ಲಿದೆ ಅದು?"

"ಇಲ್ಲಿ ಇನ್ನು ತಿನ್ನೋಕೆ ಏನಿದೆ ಸ್ವಾಮಿ? ಪಟ್ಟಣದ ಕಚೇರಿಗೆ ದಾರಿ ಕೇಳ್ಕೊಂಡು ಹೋಯ್ತು. ಅಲ್ಲಾದ್ರೆ ತನ್ನ ಮೊಮ್ಮಕ್ಕಳ ಕಾಲಕ್ಕೂ ಊಟದ ಯೋಚನೆ ಇಲ್ವಂತೆ."

"ಹಾಗಾದ್ರೆ ಫಲಕ ಅಲ್ಲೇ ಇರ್ಬೇಕಲ್ವಾ ಅಧ್ಯಕ್ಷರೇ?" ಎಂದರು ಪರಿಶೀಲಕರು.

ಬೇಡವೆಂದರೆ ಭೂತ ಕುರೋಸೆಯ ಪಾಲಾಗುತ್ತದೆ. ಓಗುಶಿ ನಡು ಬಗ್ಗಿಸಿ ಒಪ್ಪಿಕೊಂಡ. 'ಮುನ್ನೂರು ವರ್ಷಗಳ ಕೊಳೆ' ಈಗ ಕಚೇರಿಯ ಹೆಬ್ಬಾಗಿಲ ಮೇಲೆ ರಾರಾಜಿಸುತ್ತಿದೆ. ಅದರ ಕೆಳಗೇ ಹಾದು ಅವನು ದಿನಾ ಕೆಲಸಕ್ಕೆ ಹೋಗುತ್ತಾನೆ, ಸಂಜೆ ಸ್ನಾನಕ್ಕೆ ಅಜ್ಜಿಯಲ್ಲಿಗೇ ಬರುತ್ತಾನೆ.

"ತೊಟ್ಟಿಗೆ ಇಳಿಯೋ ಮುಂಚೆ ಚೆನ್ನಾಗಿ ಮೈ ತಿಕ್ಕೊಳ್ಳಪ್ಪಾ ಅಧ್ಯಕ್ಷ," ಅಜ್ಜಿ ನಾಲ್ಕು ಜನಕ್ಕೆ ಕೇಳುವ ಹಾಗೆ ಕೂಗುತ್ತಾಳೆ, "ಕಚೇರಿಯಿಂದ ಬಂದಿದ್ದೀಯ!"